ವೆಲ್ಡ್-ಥ್ರೂ ಪ್ರೈಮರ್ ಹಾಕ್ಬೇಕಾ, ಸುಮ್ನೆ ದುಡ್ಡು ದಂಡವಾ? ಮಾರುತಿ 800 ರನ್ನಿಂಗ್ ಬೋರ್ಡ್ ಕೆಲಸ

ಕುಂದಾಪ್ರ800 · ಫೆಬ್ರವರಿ 11

ಅಪ್ಪನ 1998ರ ಮಾರುತಿ 800 ಇದೆ. ಅವರು ಈಗ ಓಡಿಸುವುದಿಲ್ಲ, ಮಾರಲಿಕ್ಕೂ ಬಿಡುವುದಿಲ್ಲ. ಮನೆಯಿಂದ ಕಡಲಿಗೆ ಒಂದೂವರೆ ಕಿಲೋಮೀಟರ್. ಇಷ್ಟು ಹೇಳಿದರೆ ಸಾಕು, ಕಥೆ ಏನು ಅಂತ ನಿಮಗೇ ಗೊತ್ತಾಯಿತು.

ಎರಡು ವರ್ಷದ ಹಿಂದೆ ಎರಡೂ ಬದಿಯ ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ಉದ್ದ ಭಾಗ) ತುಕ್ಕು ತಿಂದು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಒಬ್ಬ ಟಿಂಕರ್ ಹತ್ತಿರ ಹೊಸ ಶೀಟು ಹಾಕಿಸಿದೆ. ನೋಡಲಿಕ್ಕೆ ಚಂದವೇ ಇತ್ತು. ಶೀಟಿನ ಹಿಂಬದಿಗೆ ರೆಡ್ ಆಕ್ಸೈಡ್ ಬಳಿದು, ಹಾಗೇ ಇಟ್ಟು ಸಿಒಟು ವೆಲ್ಡಿಂಗ್ (ಗಾಳಿ ತಾಗದ ಹಾಗೆ ಗ್ಯಾಸ್ ಬಿಡುತ್ತಾ ವೈರ್ ಕರಗಿಸಿ ಬೆಸೆಯುವುದು) ಹೊಡೆದರು. ಮೇಲೆ ಪುಟ್ಟಿ, ಬಣ್ಣ. ತಳಕ್ಕೆ ಕಪ್ಪು ಅಂಡರ್‌ಬಾಡಿ ಕೋಟಿಂಗ್. ಬಾಳಿದ್ದು ಎರಡೇ ಮಳೆಗಾಲ. ದೀಪಾವಳಿಗೆ ಗಾಡಿ ತೊಳೆಯುವಾಗ ಶೀಟು ಕೂಡಿದ ಗೆರೆಯುದ್ದಕ್ಕೂ ಕಂದು ನೀರು ಇಳಿಯುತ್ತಿತ್ತು. ಮೊನ್ನೆ ಗ್ರೈಂಡರ್ ಹಿಡಿದು ಬಿಚ್ಚಿದೆ. ಹೊಸ ಶೀಟಿನ ಮೈ ಚೆನ್ನಾಗಿಯೇ ಇದೆ ಮಾರಾಯ್ರೆ. ಎರಡು ಶೀಟು ಒಂದರ ಮೇಲೊಂದು ಕೂತ ಅಂಚು ಮಾತ್ರ ಪದರ ಪದರವಾಗಿ ಎದ್ದು ಸುಟ್ಟ ಹಪ್ಪಳದ ಹಾಗಾಗಿದೆ.

ಈ ಸಲ ನಾನೇ ಮಾಡುವುದು ಅಂತ ಹೊರಟಿದ್ದೇನೆ. ಭಾವನದ್ದು ಗೇಟು, ಗ್ರಿಲ್ ಮಾಡುವ ಶೆಡ್ ಇದೆ. ಅಲ್ಲಿ ಸಿಒಟು ಮೆಷಿನ್ ಸಿಗುತ್ತದೆ. ವೆಲ್ಡಿಂಗ್ ತಕ್ಕಮಟ್ಟಿಗೆ ಬರುತ್ತದೆ, ಆದರೆ ಕಾರಿನ ತೆಳು ಶೀಟಿಗೆ ಹೊಸಬ. ಎರಡು ಶೀಟಿನ ನಡುವೆ ವೆಲ್ಡ್-ಥ್ರೂ ಪ್ರೈಮರ್ ಹೊಡೆದು ಅದರ ಮೇಲೇ ವೆಲ್ಡ್ ಮಾಡಬಹುದು ಅನ್ನುತ್ತಾರೆ. ರೆಡ್ ಆಕ್ಸೈಡಿಗಿಂತ ಎಷ್ಟೋ ಪಟ್ಟು ದುಬಾರಿ. ಅಷ್ಟು ಬೆಂಕಿಯಲ್ಲಿ ಬಣ್ಣ ಉಳಿಯುತ್ತದಾ? ನಿಜವಾಗಿ ಬಳಸಿದವರು ಹೇಳಿ.


ಟಿಂಕರ್‌ಮಗ_ಹುಬ್ಬಳ್ಳಿ · ಫೆಬ್ರವರಿ 11

ನಮ್ಮಪ್ಪ ನಲವತ್ತು ವರ್ಷ ಟಿಂಕರಿಂಗ್ ಮಾಡಿದವರು ನೋಡ್ರಿ. ಪದ್ಮಿನಿ, ಅಂಬಾಸಿಡರ್, ಲಾರಿ ಕ್ಯಾಬಿನ್, ಎಲ್ಲಾ ಗ್ಯಾಸ್ ವೆಲ್ಡಿಂಗಿನಲ್ಲೇ. ನಡುವೆ ಯಾವ ಪ್ರೈಮರೂ ಇಲ್ಲ. ಅವರು ಹಾಕಿದ ತೇಪೆಗಳು ಇನ್ನೂ ರಸ್ತೆ ಮೇಲಿವೆ. ಈ ಡಬ್ಬಿಗಳೆಲ್ಲ ಇತ್ತೀಚಿನ ವ್ಯಾಪಾರ ಅಂತ ನನ್ನ ಅಭಿಪ್ರಾಯ. ಶೀಟು ಸ್ವಚ್ಛ ಮಾಡಿ, ಒಳ್ಳೇ ಕೈಯಿಂದ ವೆಲ್ಡ್ ಮಾಡಿ, ಮುಗೀತು.


ಸಕಲೇಶಪುರ_ಜಿಪ್ಸಿ · ಫೆಬ್ರವರಿ 12

ಹುಬ್ಬಳ್ಳಿಯ ಬಿಸಿಲಲ್ಲಿ ತಗಡನ್ನು ಬರಿ ಮೈಯಲ್ಲಿ ಬಿಟ್ಟರೂ ವರ್ಷ ಬಾಳುತ್ತದೆ ಅಣ್ಣಾ. ನಮ್ಮ ಘಟ್ಟದಲ್ಲಿ, ಅವರ ಕರಾವಳಿಯಲ್ಲಿ ಆ ಲೆಕ್ಕ ನಡೆಯಲ್ಲ.

ನನ್ನದೂ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಲ್ಡ್ ಗ್ಯಾಲ್ವನೈಸಿಂಗ್ ಸ್ಪ್ರೇ ಸಿಗುತ್ತದಲ್ಲ, ವೆಲ್ಡ್-ಥ್ರೂ ಹಾಗೆ ಅದೂ ಜಿಂಕ್ (ಸತು) ತಾನೇ? ಅದನ್ನೇ ಹೊಡೆದರೆ ಆಗಲ್ವಾ?


ಪೀಣ್ಯ_ವೆಲ್ಡರ್ · ಫೆಬ್ರವರಿ 12

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೈಯಬೇಡಿ.

ವೆಲ್ಡ್-ಥ್ರೂ ಪ್ರೈಮರ್ ಅಂದರೆ ಹೆಚ್ಚಾಗಿ ಜಿಂಕ್ ಪುಡಿ, ಅದನ್ನು ಹಿಡಿದಿಡಲು ಒಂದಿಷ್ಟು ಅಂಟು. ಜಿಂಕ್ ಎರಡು ಕೆಲಸ ಮಾಡುತ್ತದೆ. ಒಂದು, ಕರೆಂಟ್ ಹಾಯಲು ಬಿಡುತ್ತದೆ. ಎರಡು, ಕಬ್ಬಿಣದ ಪಕ್ಕ ಕೂತರೆ ನೀರು ಬಿದ್ದಾಗ ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಬಕೆಟ್ಟಿಗೆ, ಗೇಟಿನ ಪೈಪಿಗೆ ಸತುವಿನ ಲೇಪ ಕೊಡುವುದು ಇದೇ ಕಾರಣಕ್ಕೆ.

ಇದು ಹೇಳಿ ಮಾಡಿಸಿದ್ದು ಸ್ಪಾಟ್ ವೆಲ್ಡಿಂಗಿಗೆ. ಕಾರ್ಖಾನೆಯಲ್ಲಿ ಎರಡು ತಾಮ್ರದ ತುದಿಗಳು ಶೀಟುಗಳನ್ನು ಎರಡೂ ಬದಿಯಿಂದ ಗಟ್ಟಿಯಾಗಿ ಒತ್ತಿ ಕರೆಂಟ್ ಹಾಯಿಸುತ್ತವೆ. ನಡುವಿನ ಜಾಗ ಮಾತ್ರ ಕರಗಿ ಬೆಸೆಯುತ್ತದೆ. ಅಲ್ಲಿದ್ದ ಜಿಂಕ್ ಒತ್ತಡಕ್ಕೆ ಸುತ್ತಲೂ ಸರಿದು ಒಂದು ಉಂಗುರದ ಹಾಗೆ ನಿಲ್ಲುತ್ತದೆ. ಗಾಳಿ ಇಲ್ಲ, ಕಿಡಿ ಕಡಿಮೆ. ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ಸಿಒಟು ವೆಲ್ಡಿಂಗಿನಲ್ಲಿ ಕಥೆ ಬೇರೆ. ಜಿಂಕ್ 420 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಆವಿಯಾಗುತ್ತದೆ. ಕಬ್ಬಿಣ ಕರಗಲು 1500 ಡಿಗ್ರಿ ದಾಟಬೇಕು. ಅಂದರೆ ಕಬ್ಬಿಣ ಕರಗುವಷ್ಟರಲ್ಲಿ ಜಿಂಕ್ ಕುದಿದು ಹೊಗೆಯಾಗಿ ಹೊರಗೆ ಬರಲು ಒದ್ದಾಡುತ್ತಿರುತ್ತದೆ. ಕರಗಿದ ಲೋಹದ ಒಳಗಿಂದ ಹಾದರೆ ಗುಳ್ಳೆ ಬೀಳುತ್ತದೆ, ಕಿಡಿ ಸಿಡಿಯುತ್ತದೆ. ಮೇಲೆ ಚಂದ ಕಂಡರೂ ಒಳಗೆ ಜೇನುಗೂಡು.

ಹಾಗಾದರೆ ಬೇಡವಾ? ಬೇಕು. ಆದರೆ ಹೆಸರು ಹೇಳುವ ಹಾಗೆ ಅದರ ಮೂಲಕವೇ ವೆಲ್ಡ್ ಮಾಡಬೇಡಿ. ಪ್ಲಗ್ ವೆಲ್ಡ್ ಮಾಡಿ, ಅಂದರೆ ಮೇಲಿನ ಶೀಟಿನ ತೂತನ್ನು ವೆಲ್ಡಿನಿಂದ ತುಂಬಿ ಕೆಳಗಿನದಕ್ಕೆ ಬೆಸೆಯುವುದು. ಮೇಲಿನ ಶೀಟಿಗೆ ತೂತು ಹೊಡೆಯಿರಿ. ಎರಡೂ ಶೀಟಿನ ಕೂಡುವ ಮುಖಕ್ಕೆ ತೆಳುವಾಗಿ ಪ್ರೈಮರ್ ಹೊಡೆಯಿರಿ. ಪೂರ್ತಿ ಒಣಗಲಿ. ಶೀಟು ಕೂರಿಸಿ ಕ್ಲ್ಯಾಂಪ್ ಹಾಕಿ. ಆಮೇಲೆ ಆ ತೂತಿನೊಳಗೆ ಕಾಣುವ ಕೆಳಗಿನ ಶೀಟಿನ ಪ್ರೈಮರನ್ನು ಕೆರೆದು ತೆಗೆಯಿರಿ. ತೂತಿನ ಅಂಚೂ ಬರಿ ಲೋಹ ಇರಲಿ. ವೆಲ್ಡ್ ಬೀಳುವುದು ಬರಿ ಕಬ್ಬಿಣದ ಮೇಲೆ, ಜಿಂಕ್ ಇರುವುದು ಎರಡು ವೆಲ್ಡುಗಳ ನಡುವೆ. ನಿಮ್ಮ ಶೀಟು ಹಪ್ಪಳವಾದದ್ದು ಆ ನಡುವಿನ ಜಾಗದಲ್ಲೇ ಅಲ್ವಾ?

ನಿಮ್ಮ ಟಿಂಕರ್ ಬಳಿದ ರೆಡ್ ಆಕ್ಸೈಡಿನಲ್ಲಿ ಈ ತರದ ಜಿಂಕ್ ಲೋಹದ ಪುಡಿ ಇಲ್ಲ. ಅದು ಸುಟ್ಟು ಕರಿಯಾಗಿ ವೆಲ್ಡಿಗೂ ಸೇರಿತು, ಸುತ್ತಲಿನ ಕಬ್ಬಿಣವನ್ನೂ ಬರಿಮೈ ಮಾಡಿತು. ಉಪ್ಪು ಗಾಳಿಗೆ ಬಾಗಿಲು ತೆಗೆದ ಹಾಗಾಯಿತು.


ಟಿಂಕರ್‌ಮಗ_ಹುಬ್ಬಳ್ಳಿ · ಫೆಬ್ರವರಿ 12

ತೂತಿನೊಳಗೆ ಕೆರೆಯುವುದು ಹೇಗ್ರಿ? ಶೀಟು ಆಗಲೇ ಕೂತಿರುತ್ತದಲ್ಲ.


ಪೀಣ್ಯ_ವೆಲ್ಡರ್ · ಫೆಬ್ರವರಿ 12

8 ಎಂಎಂ ತೂತಾದರೆ ಚಿಕ್ಕ ವೈರ್ ಬ್ರಷ್ ಡ್ರಿಲ್ಲಿಗೆ ಹಾಕಿ ತಿರುಗಿಸಿದರೆ ಬರುತ್ತದೆ. ನಾನು ಚಪ್ಪಟೆ ತಲೆಯ ಡ್ರಿಲ್ ಬಿಟ್ ಕೈಯಲ್ಲೇ ಹಿಡಿದು ಎರಡು ಸುತ್ತು ತಿರುಗಿಸುತ್ತೇನೆ. ಇನ್ನೂ ಸುಲಭದ ದಾರಿ ಇದೆ. ಶೀಟು ಒಮ್ಮೆ ಕೂರಿಸಿ ತೂತಿನ ಜಾಗ ಮಾರ್ಕರಿನಲ್ಲಿ ಗುರುತು ಮಾಡಿ, ತೆಗೆದು, ಅಲ್ಲಿ ದುಂಡಗೆ ಕತ್ತರಿಸಿದ ಮಾಸ್ಕಿಂಗ್ ಟೇಪ್ ಅಂಟಿಸಿ. ಸ್ಪ್ರೇ ಮಾಡಿ, ಟೇಪ್ ಕಿತ್ತರೆ ಬರಿ ಲೋಹದ ಬಿಂದಿ ಸಿದ್ಧ.


ಬಣ್ಣದಂಗಡಿ_ಶಿವಮೊಗ್ಗ · ಫೆಬ್ರವರಿ 13

ಕೋಲ್ಡ್ ಗ್ಯಾಲ್ವನೈಸಿಂಗ್ ಬಗ್ಗೆ ಕೇಳಿದ್ದರಲ್ಲ. ಅದರಲ್ಲೂ ಜಿಂಕ್ ಜಾಸ್ತಿಯೇ ಇರುತ್ತದೆ. ಆದರೆ ಅದನ್ನು ಮಾಡಿರುವುದು ಗೇಟು, ಟವರ್, ಪೈಪಿನ ವೆಲ್ಡಿಂಗ್ ಆದ ಮೇಲೆ ದಪ್ಪಗೆ ಬಳಿಯಲಿಕ್ಕೆ. ದಪ್ಪ ಪದರ ಅಂದರೆ ಹೊಗೆ ಜಾಸ್ತಿ, ಗುಳ್ಳೆ ಜಾಸ್ತಿ. ತೂತಿನ ಜಾಗ ಪೂರ್ತಿ ಬಿಡಿಸಿ, ತೆಳುವಾಗಿ ಹೊಡೆದರೆ ಕೆಲಸ ನಡೆಯುತ್ತದೆ ಅಂತ ಕೆಲವು ಗಿರಾಕಿಗಳು ಹೇಳುತ್ತಾರೆ. ಸ್ಪಾಟ್ ವೆಲ್ಡಿಂಗಿಗೆ ಮಾತ್ರ ಅದಕ್ಕೇ ಅಂತ ಮಾಡಿದ್ದನ್ನೇ ತಗೊಳ್ಳಿ.

ಡಬ್ಬಿ ಅಲ್ಲಾಡಿಸುವುದು ಮರೆಯಬೇಡಿ. ಜಿಂಕ್ ಭಾರ, ತಳದಲ್ಲಿ ಕೂತು ಗಟ್ಟಿಯಾಗಿರುತ್ತದೆ. ಒಳಗಿನ ಗೋಲಿ ಸದ್ದು ಕೇಳಿದ ಮೇಲೂ ಎರಡು ಮೂರು ನಿಮಿಷ ಅಲ್ಲಾಡಿಸಿ. ಇಲ್ಲದಿದ್ದರೆ ನೀವು ಹೊಡೆಯುವುದು ಬರೀ ಬೂದು ಬಣ್ಣದ ಥಿನ್ನರ್. ಸರಿ ಕೆಲಸ ಮಾಡಲಿಲ್ಲ ಅಂತ ಡಬ್ಬಿ ವಾಪಸ್ ತರುವವರಲ್ಲಿ ಅರ್ಧ ಜನ ಅಲ್ಲಾಡಿಸಿರುವುದೇ ಇಲ್ಲ.

ಇನ್ನೊಂದು ಮಾತು, ಬಣ್ಣದವನಾಗಿ. ವೆಲ್ಡ್-ಥ್ರೂ ಮೇಲೆ ನೇರ ಪುಟ್ಟಿ, ಬಣ್ಣ ಹಾಕಬೇಡಿ. ಪುಡಿ ಜಾಸ್ತಿ, ಅಂಟು ಕಡಿಮೆ, ಹಿಡಿತ ಇರಲ್ಲ. ವೆಲ್ಡಿಂಗ್ ಮುಗಿದ ಮೇಲೆ ಹೊರಗೆ ಕಾಣುವಷ್ಟನ್ನೂ ಉಜ್ಜಿ ತೆಗೆದು, ಬರಿ ಲೋಹಕ್ಕೆ ಎರಡು ಪಾರ್ಟಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅದು ಒಣಗಿದ ಮೇಲೆ ಜೋಡಣೆಯ ಗೆರೆಗೆ ಸೀಮ್ ಸೀಲರ್. ವೆಲ್ಡ್-ಥ್ರೂ ಇರಬೇಕಾದ್ದು ಎರಡು ಶೀಟಿನ ನಡುವೆ ಮಾತ್ರ, ಬೇರೆಲ್ಲೂ ಅಲ್ಲ.


ಮೈಸೂರ್_ಡೆಂಟಿಂಗ್ · ಫೆಬ್ರವರಿ 14

ಜಿಂಕ್ ಬಿಡಿ ಸ್ವಾಮಿ, ಕಾಪರ್ ವೆಲ್ಡ್-ಥ್ರೂ ಸಿಗುತ್ತದೆ. ಅದನ್ನು ತಗೊಳ್ಳಿ. ನಾನು ಎರಡನ್ನೂ ಬಳಸಿದ್ದೇನೆ. ಕಾಪರ್ ಮೇಲೆ ಸಿಒಟು ಬೆಣ್ಣೆ ಹಾಗೆ ಹೋಗುತ್ತದೆ. ಕಿಡಿ ಇಲ್ಲ, ಬಿಳಿ ಹೊಗೆ ಇಲ್ಲ.


ಐಟಿಐ_ಮೇಷ್ಟ್ರು · ಫೆಬ್ರವರಿ 14

ವೆಲ್ಡ್ ಚೆನ್ನಾಗಿ ಬರುತ್ತದೆ, ಒಪ್ಪಿದೆ. ಕಾಪರ್ ಕರಗುವುದೇ 1085 ಡಿಗ್ರಿಗೆ, ಆವಿಯಾಗಲು 2500 ದಾಟಬೇಕು. ಹಾಗಾಗಿ ಜಿಂಕಿನ ಹಾಗೆ ಎಗರಾಡುವುದಿಲ್ಲ.

ಆದರೆ ನಾವು ಪ್ರೈಮರ್ ಹಾಕುತ್ತಿರುವುದು ವೆಲ್ಡ್ ಚೆನ್ನಾಗಿ ಬರಲಿ ಅಂತಲ್ಲ, ತುಕ್ಕು ಬಾರದಿರಲಿ ಅಂತ. ತಾಮ್ರ ಮತ್ತು ಕಬ್ಬಿಣ ಒಟ್ಟಿಗಿದ್ದು ಉಪ್ಪುನೀರು ಬಿದ್ದರೆ ಕರಗುವುದು ಕಬ್ಬಿಣ, ತಾಮ್ರವಲ್ಲ. ಜಿಂಕ್ ತನ್ನನ್ನು ಕೊಟ್ಟು ಕಬ್ಬಿಣ ಉಳಿಸಿದರೆ, ತಾಮ್ರ ಕಬ್ಬಿಣವನ್ನು ಮುಂದೆ ತಳ್ಳಿ ತಾನು ಉಳಿಯುತ್ತದೆ. ಬಣ್ಣದ ಪದರ ಎಲ್ಲೂ ಬಿರುಕು ಬಿಡದೆ ನೀರು ಒಳಗೆ ಹೋಗದಿದ್ದರೆ ಪರವಾಗಿಲ್ಲ. ಕರಾವಳಿಯ ರನ್ನಿಂಗ್ ಬೋರ್ಡಿನಲ್ಲಿ ಆ ನಂಬಿಕೆ ನನಗಿಲ್ಲ.


ಮೈಸೂರ್_ಡೆಂಟಿಂಗ್ · ಫೆಬ್ರವರಿ 14

ಮೇಷ್ಟ್ರೇ, ಸಿಒಟು ವೈರಿಗೇ ತಾಮ್ರದ ಲೇಪ ಇರುತ್ತದೆ. ಅದಕ್ಕೇನಂತೀರಿ?


ಐಟಿಐ_ಮೇಷ್ಟ್ರು · ಫೆಬ್ರವರಿ 15

ಅದು ಕೂದಲೆಳೆಗಿಂತ ತೆಳು ಲೇಪ, ಕರಗಿ ವೆಲ್ಡಿನೊಳಗೇ ಬೆರೆತುಹೋಗುತ್ತದೆ. ಶೀಟಿನ ಉದ್ದಕ್ಕೂ ಬಳಿದ ತಾಮ್ರದ ಬಣ್ಣ ಅಲ್ಲೇ ಕೂತಿರುತ್ತದೆ. ಎರಡೂ ಒಂದೇ ಅಲ್ಲ. ನಿಮ್ಮ ಕೈಯ ವೆಲ್ಡಿನ ಬಗ್ಗೆ ನನ್ನ ತಕರಾರಿಲ್ಲ, ಬಳಿದ ಡಬ್ಬಿಯ ಬಗ್ಗೆ ಮಾತ್ರ.


ಡೆಟ್ರಾಯಿಟ್_ಮಾವ · ಫೆಬ್ರವರಿ 16

ತಿಪಟೂರಿನವನು, ಈಗ ಮಿಷಿಗನ್‌ನಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಕುಂದಾಪುರಕ್ಕೆ ಕಡಲು ಏನು ಮಾಡುತ್ತದೋ ಅದನ್ನು ಇಲ್ಲಿ ಲಾರಿಯಲ್ಲಿ ತಂದು ಮಾಡುತ್ತಾರೆ. ಹಳೇ ಪಿಕಪ್ ಒಂದನ್ನು ಐದು ವರ್ಷದಿಂದ ತೇಪೆ ಹಚ್ಚುತ್ತಾ ಬಂದಿದ್ದೇನೆ.

ಒಂದು ವಿಷಯ ತಡವಾಗಿ ಕಲಿತೆ. ಕಾರ್ಖಾನೆಯವರು ಬಾಡಿಯನ್ನು ಮೊದಲು ಪೂರ್ತಿ ವೆಲ್ಡ್ ಮಾಡಿ, ಆಮೇಲೆ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಕೊಡುತ್ತಾರೆ. ಬಣ್ಣ ಸಂದಿಗೊಂದಿಗೆಲ್ಲ ಹೋಗಿ ಕೂರುತ್ತದೆ. ಅದನ್ನೇ ಇ-ಕೋಟ್ ಅನ್ನುವುದು. ಪದರ 20 ಮೈಕ್ರಾನ್ ಆಸುಪಾಸು, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ನಾವು ಮನೆಯಲ್ಲಿ ಕಾರನ್ನು ಮುಳುಗಿಸುವುದು ಎಲ್ಲಿಂದ? ಅದಕ್ಕೇ ವೆಲ್ಡ್ ಮಾಡುವ ಮೊದಲೇ ನಡುವೆ ಏನಾದರೂ ಬಳಿಯುವ ಕರ್ಮ ನಮ್ಮದು.

ಆದರೆ ಪ್ರೈಮರ್ ಮೇಲೆ ಪೂರ್ತಿ ಭಾರ ಹಾಕಬೇಡಿ. ವೆಲ್ಡಿನ ಸುತ್ತ ಜಿಂಕ್ ಸುಟ್ಟು ಹೋಗೇ ಹೋಗುತ್ತದೆ. ರನ್ನಿಂಗ್ ಬೋರ್ಡ್ ಅಂದರೆ ಮುಚ್ಚಿದ ಡಬ್ಬ. ವೆಲ್ಡಿನ ಹಿಂಬದಿ ಒಳಗಿರುತ್ತದೆ, ಅಲ್ಲಿಗೆ ಕೈ ಹೋಗಲ್ಲ, ಬ್ರಷ್ ಹೋಗಲ್ಲ. ಎಲ್ಲ ಮುಗಿದ ಮೇಲೆ ಉದ್ದ ನಳಿಗೆಯಲ್ಲಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಒಳಗೆ ಹೊಡೆಯಿರಿ. ತೆಳ್ಳಗಿರುತ್ತದೆ, ಸಂದಿಗೆ ತಾನೇ ಹರಿದು ಹೋಗುತ್ತದೆ. ನನ್ನ ಪಿಕಪ್ಪಿನಲ್ಲಿ ವೆಲ್ಡ್-ಥ್ರೂ ಹಾಕಿ ವ್ಯಾಕ್ಸ್ ಮರೆತ ಬದಿ ಮೂರನೇ ಚಳಿಗಾಲಕ್ಕೆ ಹೋಯಿತು. ವೆಲ್ಡ್-ಥ್ರೂ ಇಲ್ಲದೆ ವ್ಯಾಕ್ಸ್ ಹೊಡೆದ ಬದಿ ಇನ್ನೂ ಇದೆ.


ಕುಂದಾಪ್ರ800 · ಫೆಬ್ರವರಿ 16

ಮಾವ, ಈ ಕೊನೆಯ ಎರಡು ಸಾಲು ಓದಿ ನಿದ್ದೆ ಹೋಯಿತು. ಹಾಗಾದರೆ ನಾನೇ ಪರೀಕ್ಷೆ ಮಾಡುತ್ತೇನೆ. ಕಡಲ ನೀರಿಗೇನು ಬರ ಇಲ್ಲವಲ್ಲ.


ಕುಂದಾಪ್ರ800 · ಮಾರ್ಚ್ 27

ಪರೀಕ್ಷೆ ಮುಗಿಯಿತು. 20 ಗೇಜಿನ ಸಿಆರ್ ಶೀಟಿನಲ್ಲಿ (ಲೇಪವಿಲ್ಲದ ಮಾಮೂಲಿ ಸ್ಟೀಲ್ ತಗಡು) ಎರಡು ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಒಂದರ ಮೇಲೊಂದು ಇಟ್ಟು ತಲಾ ಎರಡು ಪ್ಲಗ್ ವೆಲ್ಡ್ ಹೊಡೆದೆ. ಐದು ತರ: ಬರಿ ಲೋಹ, ರೆಡ್ ಆಕ್ಸೈಡ್, ಜಿಂಕ್ ಹೊಡೆದು ತೂತು ಕೆರೆಯದೆ, ಜಿಂಕ್ ಹೊಡೆದು ತೂತು ಕೆರೆದು, ಕೊನೆಗೆ ಅದೇ ತರದ್ದಕ್ಕೆ ವ್ಯಾಕ್ಸ್. ಪ್ರತಿಯೊಂದರಲ್ಲೂ ಎರಡು ಜೋಡಿ. ಒಂದು ಜೋಡಿ ಮುರಿಯಲಿಕ್ಕೆ, ಇನ್ನೊಂದು ಉಪ್ಪುನೀರಿಗೆ.

ಮೊದಲು ಮುರಿದದ್ದು. ವೈಸಿನಲ್ಲಿ ಕಚ್ಚಿಸಿ, ಮೇಲಿನ ಪಟ್ಟಿಯನ್ನು ಉಳಿಯಿಂದ ಸುಲಿದೆ. ಬರಿ ಲೋಹದ್ದು ಬಿಡಲೇ ಇಲ್ಲ. ವೆಲ್ಡ್ ಹಾಗೇ ಉಳಿದು ಸುತ್ತಲಿನ ಶೀಟು ಹರಿದು ತೂತಾಗಿ ಬಂತು. ಅದೇ ಸರಿಯಾದ ವೆಲ್ಡ್ ಅಂತ ಭಾವ ಹೇಳಿದರು. ಜಿಂಕ್ ಹೊಡೆದು ತೂತು ಕೆರೆದದ್ದೂ ಹಾಗೇ. ಕೆರೆಯದ ಜಿಂಕ್ ಮಾತ್ರ ಎರಡನೇ ಪೆಟ್ಟಿಗೇ ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ನೋಡಿದರೆ ನೀರುದೋಸೆಯ ಕಣ್ಣುಗಳೇ. ರೆಡ್ ಆಕ್ಸೈಡಿನದ್ದು ಒಂದು ನಿಂತಿತು, ಒಂದು ಬಿಟ್ಟಿತು. ಒಳಗೆ ಮಸಿ.

ಉಪ್ಪುನೀರಿನದ್ದು: ಕೋಡಿ ಬೀಚಿನಿಂದ ಕ್ಯಾನಿನಲ್ಲಿ ನೀರು ತಂದು, ರಾತ್ರಿ ಅದ್ದಿ ಹಗಲು ಬಿಸಿಲಿಗೆ ಇಟ್ಟೆ. ಐದು ವಾರ. ಅಮ್ಮನಿಗೆ ನಾನು ಒಣಮೀನು ಮಾಡುತ್ತಿದ್ದೇನೆ ಅನ್ನಿಸಿತಂತೆ. ಆಮೇಲೆ ಗ್ರೈಂಡರಿನಲ್ಲಿ ವೆಲ್ಡ್ ಕೊರೆದು ಬಿಡಿಸಿದೆ. ಬರಿ ಲೋಹ ಒಳಗೆಲ್ಲ ಕಂದು. ರೆಡ್ ಆಕ್ಸೈಡ್ ವೆಲ್ಡಿನಿಂದ ದೂರ ಪರವಾಗಿಲ್ಲ, ಹತ್ತಿರ ಪೂರ್ತಿ ತುಕ್ಕು. ಜಿಂಕಿನದ್ದು ಹೆಚ್ಚಿನ ಕಡೆ ಬೂದಿ ಬಣ್ಣವೇ ಇದೆ, ಅಂಚಿನಲ್ಲಿ ಬಿಳಿ ಪುಡಿ. ಆದರೆ ಪ್ರತಿ ವೆಲ್ಡಿನ ಸುತ್ತ ಒಂದು ಕಡಲೆಕಾಳಿನ ಅಗಲಕ್ಕೆ ಕಂದು ಉಂಗುರ. ಜಿಂಕ್ ಜತೆ ವ್ಯಾಕ್ಸ್ ಹಾಕಿದ್ದರಲ್ಲಿ ಆ ಉಂಗುರವೂ ಇಲ್ಲ.

ಒಬ್ಬನ ಹಿತ್ತಲಿನ ಪರೀಕ್ಷೆ, ಅಷ್ಟೇ. ನನ್ನ ಕಾರಿನ ಮಟ್ಟಿಗೆ ಉತ್ತರ ಸಿಕ್ಕಿತು.


ಟಿಂಕರ್‌ಮಗ_ಹುಬ್ಬಳ್ಳಿ · ಮಾರ್ಚ್ 27

ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಗ್ಯಾಸ್ ವೆಲ್ಡಿಂಗ್ ಆದ ಮೇಲೆ ನಾವು ಒಳಗೆ ಹಳೇ ಇಂಜಿನ್ ಆಯಿಲ್ ಸುರೀತಿದ್ವಿ, ಅದನ್ಯಾಕ ಹೇಳಲಿಲ್ಲ ನೀನು?" ಅಂದರು. ನನಗೇ ಗೊತ್ತಿರಲಿಲ್ಲ ನೋಡ್ರಿ. ತೇಪೆ ಬಾಳಿದ್ದರ ಗುಟ್ಟು ಅದಿರಬೇಕು. ಫೆಬ್ರವರಿಯಲ್ಲಿ ನಾನು ಹೇಳಿದ್ದು ಅರ್ಧ ಮಾತಾಯಿತು.


ಬಣ್ಣದಂಗಡಿ_ಶಿವಮೊಗ್ಗ · ಮಾರ್ಚ್ 28

ಅಪ್ಪ ಕ್ಯಾವಿಟಿ ವ್ಯಾಕ್ಸ್ ಕಂಡುಹಿಡಿದಿದ್ದರು ಅನ್ನಿ. ಹಳೇ ಆಯಿಲ್ ಈಗ ಬೇಡ, ರಬ್ಬರನ್ನೂ ಕೆಡಿಸುತ್ತದೆ, ನೆಲಕ್ಕೂ ಇಳಿಯುತ್ತದೆ. ಮೇಲಾಗಿ ಆಯಿಲ್ ಇಳಿದ ಜಾಗದಲ್ಲಿ ಮುಂದೆ ಯಾರಾದರೂ ಬಣ್ಣ ಹೊಡೆದರೆ ಮೀನಿನ ಕಣ್ಣು (ಬಣ್ಣ ಹಿಡಿಯದ ದುಂಡು ಗುಳಿ) ಬೀಳುತ್ತದೆ, ಬೈಸಿಕೊಳ್ಳುವುದು ನಾವು.


ಪೀಣ್ಯ_ವೆಲ್ಡರ್ · ಮಾರ್ಚ್ 28

ಕೆಲಸ ಶುರು ಮಾಡುವ ಮುಂಚೆ ಹೊಗೆಯ ಮಾತು. ಇದನ್ನು ಮೊದಲೇ ಬರೆಯಬೇಕಿತ್ತು.

ಕೆಲಸಕ್ಕೆ ಸೇರಿದ ಹೊಸತು. ಮುಚ್ಚಿದ ಶೆಡ್ಡಿನಲ್ಲಿ ಇಡೀ ದಿನ ಜಿಐ (ಜಿಂಕ್ ಲೇಪದ) ಪೈಪ್ ವೆಲ್ಡ್ ಮಾಡಿದೆ. ಮುಖಕ್ಕೆ ಬರೀ ಕರ್ಚೀಫು. ಬಾಯಲ್ಲಿ ಸಿಹಿ ಸಿಹಿ ಲೋಹದ ರುಚಿ. ರಾತ್ರಿ ಊಟದ ಹೊತ್ತಿಗೆ ಚಳಿ ಹತ್ತಿತು. ಮೂರು ಕಂಬಳಿ ಹೊದ್ದರೂ ನಡುಕ. ಮೈಕೈ ನೋವು, ಕೆಮ್ಮು. ಮಲೇರಿಯಾ ಅಂತಲೇ ಎಲ್ಲರೂ ಅಂದರು. ಒಂದು ದಿನ ಬಿಟ್ಟು ಏನೂ ಆಗದವನ ಹಾಗೆ ಎದ್ದು ಕೂತೆ. ಜಿಂಕ್ ಹೊಗೆಯ ಜ್ವರ ಅದು. ಹೊಗೆ ಕುಡಿದ ಕೆಲವು ಗಂಟೆ ಬಿಟ್ಟು ಬರುತ್ತದೆ, ಅದಕ್ಕೇ ಯಾರಿಗೂ ಕಾರಣ ಹೊಳೆಯುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರು ಕಟ್ಟಿದ ಹಾಗಾದರೆ, ಎದೆ ಬಿಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಾಲು ಕುಡಿದು ವೆಲ್ಡಿಂಗಿಗೆ ಕೂತರೆ ಏನೂ ಆಗಲ್ಲ ಅನ್ನುವುದು ನಮ್ಮ ಕಡೆ ಎಲ್ಲ ಶೆಡ್ಡಿನಲ್ಲೂ ಕೇಳುವ ಮಾತು. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಬಯಲಲ್ಲಿ ಮಾಡಿ. ಫ್ಯಾನ್ ಪಕ್ಕದಿಂದ ಹೊಗೆ ಎಳೆಯುವ ಹಾಗೆ ಇಡಿ, ನೇರ ವೆಲ್ಡಿನ ಮೇಲೆ ಬೀಸಿದರೆ ಗ್ಯಾಸ್ ಚೆದುರಿ ಅದೂ ಗುಳ್ಳೆಯೇ. ವೆಲ್ಡಿಂಗ್ ಹೊಗೆಗೆ ಅಂತಲೇ ಇರುವ ಫಿಲ್ಟರ್ ಮಾಸ್ಕ್ ಹಾಕಿ, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ.

ಇನ್ನೊಂದು, ಇದು ಜ್ವರದಲ್ಲಿ ಮುಗಿಯುವ ಮಾತಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ಶೀಟು ಒರೆಸಿ ವೆಲ್ಡ್ ಮಾಡಬೇಡಿ. ಆ ಬೆಳಕು, ಆ ಬಿಸಿಗೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಜೀವಕ್ಕೇ ಅಪಾಯ. ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ, ಡಬ್ಬಿ ಆಚೆ ಇಟ್ಟು, ಆಮೇಲೆ ವೆಲ್ಡಿಂಗ್ ಟಾರ್ಚ್ ಮುಟ್ಟಿ.


ಬೆಂಗ್ಳೂರ್_ಹೊಸಕಾರು · ಏಪ್ರಿಲ್ 2

ನನ್ನದು 2021ರ ಗಾಡಿ. ಹಿಂದಿನಿಂದ ಒಬ್ಬ ಗುದ್ದಿದ. ಬಾಡಿ ಶಾಪಿನವರು ಹೊಸ ಕ್ವಾರ್ಟರ್ ಪ್ಯಾನೆಲಿನ (ಹಿಂದಿನ ಚಕ್ರದ ಮೇಲಿನ ಬಾಡಿ ಶೀಟು) ಅಂಚನ್ನು ಗ್ರೈಂಡರಿನಲ್ಲಿ ಫಳಫಳ ಅನ್ನುವ ಹಾಗೆ ಉಜ್ಜಿ, ಮೇಲೆ ವೆಲ್ಡ್-ಥ್ರೂ ಹೊಡೆಯುತ್ತಿದ್ದರು. ಇಲ್ಲಿ ಓದಿದ್ದರಿಂದ ಸಮಾಧಾನವಾಯಿತು. ಸರಿ ತಾನೇ?


ಐಟಿಐ_ಮೇಷ್ಟ್ರು · ಏಪ್ರಿಲ್ 2

ಪೂರ್ತಿ ಸಮಾಧಾನ ಬೇಡ. ಇತ್ತೀಚಿನ ಗಾಡಿಗಳಲ್ಲಿ ಬಹಳಷ್ಟು ಶೀಟು ಕಾರ್ಖಾನೆಯಿಂದಲೇ ಜಿಂಕ್ ಲೇಪ ಆಗಿ ಬರುತ್ತದೆ. ಅದರ ಮೇಲೆ ಇ-ಕೋಟ್. ಆ ಒಳ್ಳೇ ಜಿಂಕನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆದು ಡಬ್ಬಿಯ ಜಿಂಕ್ ಹೊಡೆಯುವುದು ಅಂದರೆ ಬೆಳ್ಳಿ ಲೋಟ ಮಾರಿ ಬೆಳ್ಳಿ ಬಣ್ಣದ ಲೋಟ ತಂದ ಹಾಗೆ. ಬಣ್ಣ ಮಾತ್ರ ತೆಗೆದು, ಜಿಂಕ್ ಉಳಿಯುವ ಹಾಗೆ ನೈಲಾನ್ ಡಿಸ್ಕಿನಲ್ಲಿ ಮೆಲ್ಲಗೆ ಉಜ್ಜಬೇಕು.

ಇನ್ನು ವೆಲ್ಡ್-ಥ್ರೂ ಹಾಕಬೇಕೋ ಬೇಡವೋ ಅನ್ನುವುದು ಕಂಪನಿಗೆ ಕಂಪನಿಗೆ ಬೇರೆ. ಕೆಲವರ ರಿಪೇರಿ ಮ್ಯಾನ್ಯುಯಲ್ ಹಾಕಿ ಅನ್ನುತ್ತದೆ, ಕೆಲವರದ್ದು ಬೇಡ ಅನ್ನುತ್ತದೆ. ಕೆಲವು ಜೋಡಣೆಗೆ ವೆಲ್ಡಿನ ಜತೆ ಅಂಟೂ ಇರುತ್ತದೆ. ಅಂಟು ಹಚ್ಚುವ ಜಾಗಕ್ಕೆ ವೆಲ್ಡ್-ಥ್ರೂ ಹೊಡೆದರೆ ಅಂಟು ಹಿಡಿಯುವುದು ಶೀಟನ್ನಲ್ಲ, ಆ ಪುಡಿಯನ್ನು. ಗಟ್ಟಿ ಸ್ಟೀಲಿನ ಕಂಬಗಳ ಹತ್ತಿರ ಮನೆಯಲ್ಲಿ ಟಾರ್ಚ್ ಹಿಡಿಯಲೇಬೇಡಿ, ಕಾಸಿದರೆ ಮೆತ್ತಗಾಗುತ್ತವೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೆ ಅಂತ ಶಾಪಿನವರನ್ನು ಕೇಳಿ. ಕೇಳಿದ್ದಕ್ಕೆ ಅವರು ಸಿಟ್ಟಾದರೆ ಅದೂ ಒಂದು ಉತ್ತರವೇ.


ಸಕಲೇಶಪುರ_ಜಿಪ್ಸಿ · ಏಪ್ರಿಲ್ 3

ಮೇಷ್ಟ್ರೇ, ಹಾಗಾದರೆ ನಾನು ಜಿಪ್ಸಿ ತಳಕ್ಕೆ ಜಿಐ ಶೀಟೇ ಹಾಕಿದರೆ ಪ್ರೈಮರ್ ಗೋಜೇ ಇಲ್ವಲ್ಲ?


ಐಟಿಐ_ಮೇಷ್ಟ್ರು · ಏಪ್ರಿಲ್ 3

ಹಾಕಬಹುದು. ವೆಲ್ಡ್ ಬೀಳುವ ಜಾಗದ ಜಿಂಕ್ ಮಾತ್ರ ಉಜ್ಜಿ ತೆಗೆಯಲೇಬೇಕು, ಹೊಗೆಯೂ ಅದೇ. ಹಳೇ ಶೀಟಿನ ಬದಿಗೆ ಜಿಂಕ್ ಇಲ್ಲ, ಅಲ್ಲಿಗೆ ಪ್ರೈಮರ್ ಬೇಕೇ ಬೇಕು. ಮನೆಯ ಛಾವಣಿಗೆ ಹೊದಿಸಿ ಉಳಿದ ಶೀಟು ತಂದು ಹಾಕಬೇಡಿ, ಅದು ತೀರಾ ತೆಳು.


ಕುಂದಾಪ್ರ800 · ಮೇ 19

ಮಳೆಗೆ ಮುಂಚೆ ಮುಗಿಯಿತು. ಏಳು ಭಾನುವಾರ ಹಿಡಿಯಿತು.

ಬ್ಯಾಟರಿ ಬಿಚ್ಚಿದೆ. ಸೀಟು, ಕಾರ್ಪೆಟ್, ತಳಕ್ಕೆ ಅಂಟಿಸಿದ ಡಾಂಬರಿನ ಹಾಳೆ ಎಲ್ಲ ತೆಗೆದೆ. ಪೆಟ್ರೋಲ್ ಪೈಪು ತಳದಲ್ಲೇ ಹಾದುಹೋಗುತ್ತದೆ, ಆ ಕಡೆ ಕೆಲಸ ಮಾಡುವಾಗ ಟ್ಯಾಂಕ್ ಇಳಿಸಿ ಪೈಪನ್ನೂ ಸರಿಸಿದೆ. ಭಾವ ನೀರಿನ ಬಕೆಟ್, ಒದ್ದೆ ಗೋಣಿ, ಬೆಂಕಿ ಆರಿಸುವ ಸಿಲಿಂಡರ್ ಮೂರೂ ಹಿಡಿದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋದದ್ದು ತುಕ್ಕು ಕತ್ತರಿಸುವುದರಲ್ಲಿ. ಇಷ್ಟು ಸಾಕು ಅಂತ ನಿಲ್ಲಿಸಿದಲ್ಲಿ ವೆಲ್ಡ್ ಮಾಡಲು ಹೋದರೆ ಶೀಟು ಕಾಗದದ ಹಾಗೆ ಉರಿದು ತೂತು. ಮತ್ತೆ ಎರಡು ಇಂಚು ಹಿಂದಕ್ಕೆ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸದೆ ಪ್ರೈಮರ್ ಮಾತಾಡುವುದೇ ದಂಡ ಅಂತ ಎರಡನೇ ಭಾನುವಾರ ಗೊತ್ತಾಯಿತು. ಒಂದೇ ಸಲ ಎರಡೂ ಬದಿ ಕತ್ತರಿಸಲಿಲ್ಲ. ಬಾಗಿಲು ಮುಚ್ಚಿಟ್ಟು, ಸಂದಿ ಅಳೆಯುತ್ತಾ ಒಂದೊಂದೇ ಬದಿ ಮಾಡಿದೆ. ಆದರೂ ಎಡಗಡೆ ಬಾಗಿಲು ಈಗ ಸ್ವಲ್ಪ ಎತ್ತಿ ಹಾಕಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಪ್ಲಗ್ ವೆಲ್ಡ್ ಹೆಚ್ಚುಕಡಿಮೆ ಹಳೇ ಸ್ಪಾಟ್ ವೆಲ್ಡ್ ಇದ್ದ ಕಡೆಯೇ ಹೊಡೆದೆ. ಮಾಸ್ಕಿಂಗ್ ಟೇಪ್ ಬಿಂದಿಯ ಉಪಾಯಕ್ಕೆ ಪೀಣ್ಯ ಅಣ್ಣನಿಗೆ ಒಂದು ದೊಡ್ಡ ನಮಸ್ಕಾರ. ಒಂದು ಕಡೆ ಇಲ್ಲಿ, ಇನ್ನೊಂದು ಕಡೆ ಅಲ್ಲಿ ಅಂತ ಜಾಗ ಬಿಟ್ಟು ಬಿಟ್ಟು ಮಾಡಿದ್ದರಿಂದ ಶೀಟು ಹೆಚ್ಚು ಸೊಟ್ಟಗಾಗಲಿಲ್ಲ. ಆಮೇಲೆ ಹೊರಗಿನ ಜಿಂಕ್ ಉಜ್ಜಿ, ಎಪಾಕ್ಸಿ, ಸೀಲರ್, ಬಣ್ಣ. ಕೊನೆಗೆ ವ್ಯಾಕ್ಸ್.

ಇನ್ನೊಂದು ಕಂಡುಕೊಂಡೆ. ಹಿಂದಿನ ಟಿಂಕರ್ ಅಂಡರ್‌ಬಾಡಿ ಕೋಟಿಂಗ್ ಹೊಡೆಯುವಾಗ ರನ್ನಿಂಗ್ ಬೋರ್ಡಿನ ತಳದ ನೀರಿಳಿಯುವ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಒಳಗೆ ಹೋದ ನೀರಿಗೆ ದಾರಿಯೇ ಇರಲಿಲ್ಲ. ಎರಡು ಮಳೆಗಾಲ ಆ ಡಬ್ಬ ಕೆರೆಯಾಗಿ ನಿಂತಿತ್ತು. ರೆಡ್ ಆಕ್ಸೈಡನ್ನು ಇಷ್ಟು ದಿನ ಬೈದದ್ದರಲ್ಲಿ ಅರ್ಧ ಪಾಲನ್ನು ಈಗ ಆ ಮುಚ್ಚಿದ ತೂತಿಗೆ ವರ್ಗಾಯಿಸುತ್ತಿದ್ದೇನೆ.


ಡೆಟ್ರಾಯಿಟ್_ಮಾವ · ಮೇ 20

ವ್ಯಾಕ್ಸ್ ಹೊಡೆದ ಮೇಲೆ ತೂತಿಗೆ ಒಮ್ಮೆ ತಂತಿ ಆಡಿಸಿದ್ರಾ? ವ್ಯಾಕ್ಸೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ.


ಕುಂದಾಪ್ರ800 · ಮೇ 20

ಅಯ್ಯೋ. ಈಗಲೇ ಹೋಗಿ ನೋಡುತ್ತೇನೆ.


ಕುಂದಾಪ್ರ800 · ಮೇ 20

ನಾಲ್ಕರಲ್ಲಿ ಮೂರು ಮುಚ್ಚಿದ್ದವು. ಛತ್ರಿ ಕಡ್ಡಿ ಆಡಿಸಿ ಬಿಡಿಸಿದೆ. ಉಳಿಸಿದಿರಿ ಮಾವ.


ಸಕಲೇಶಪುರ_ಜಿಪ್ಸಿ · ಆಗಸ್ಟ್ 17

ಕುಂದಾಪುರದವರೇ, ಮಳೆ ಅರ್ಧ ಮುಗಿಯಿತು. ಏನಾಗಿದೆ ಹೇಳಿ. ನನ್ನ ಜಿಪ್ಸಿ ಬಿಚ್ಚಿ ಕೂತಿದೆ.


ಕುಂದಾಪ್ರ800 · ಆಗಸ್ಟ್ 18

ಮೊಬೈಲಿಗೆ ಸಿಕ್ಕಿಸುವ ಉದ್ದ ವಯರಿನ ಕ್ಯಾಮೆರಾ ತರಿಸಿ, ತಳದ ತೂತಿನಿಂದ ಒಳಗೆ ಬಿಟ್ಟು ನೋಡಿದೆ. ಬಲಗಡೆ ಪೂರ್ತಿ ಜೇನುತುಪ್ಪದ ಬಣ್ಣದ ವ್ಯಾಕ್ಸ್, ತುಕ್ಕಿನ ಗುರುತಿಲ್ಲ. ಎಡಗಡೆ ಹಿಂಬದಿ ಚಕ್ರದ ಹತ್ತಿರ ನಳಿಗೆ ತಲುಪಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ಎರಡು ವೆಲ್ಡಿನ ಹಿಂಬದಿ ಒಣಗಿದೆ, ಒಂದರ ಸುತ್ತ ಅದೇ ಕಡಲೆಕಾಳು ಉಂಗುರ ಶುರುವಾಗಿದೆ. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಂದರೆ ಅಲ್ಲಿಗೆ ಇನ್ನೊಂದು ಸಲ ವ್ಯಾಕ್ಸ್.

ಬಿಸಿಲು ಬಂದಾಗ ಒಳಗಿನ ವ್ಯಾಕ್ಸ್ ಸ್ವಲ್ಪ ಕರಗಿ ಅಂಗಳಕ್ಕೆ ತೊಟ್ಟಿಕ್ಕುತ್ತದೆ. ಅಮ್ಮ ಕಾರಿನ ಅಡಿಗೆ ಹಳೇ ಚಾಪೆ ಹಾಸಿದ್ದಾರೆ. ಎಡಗಡೆ ಬಾಗಿಲಿನ ವಿಷಯ ಅಪ್ಪನಿಗೆ ಗೊತ್ತಾಯಿತು.


ಸಕಲೇಶಪುರ_ಜಿಪ್ಸಿ · ಆಗಸ್ಟ್ 18

ಆ ಕ್ಯಾಮೆರಾ ಎರಡು ವಾರಕ್ಕೆ ಕೊಡ್ತೀರಾ?


ಕುಂದಾಪ್ರ800 · ಆಗಸ್ಟ್ 19

ಬಸ್ಸಿಗೆ ಹಾಕಿ ಕಳಿಸುತ್ತೇನೆ. ವಾಪಸ್ ಕಳಿಸುವಾಗ ಒರೆಸಿ ಕಳಿಸಿ, ವ್ಯಾಕ್ಸ್ ಮೆತ್ತಿಕೊಂಡರೆ ಹೋಗುವುದಿಲ್ಲ.